ಮಕ್ಕಳು ಚಿಕ್ಕವರಿರುವಾಗಲೇ ಮನೆ ಸಾಲ ಇಳಿಸಿಕೊಳ್ಳಿ

25 ಲಕ್ಷ ರೂಪಾಯಿ ಮನೆ ಸಾಲ, 20 ವರ್ಷದ ಅವಧಿ, ಶೇ 8.5ರ ಬಡ್ಡಿ ಎಂದಿಟ್ಟುಕೊಳ್ಳಿ. ತಿಂಗಳ ಕಂತು 21,696 ರೂಪಾಯಿ ಆಗುತ್ತದೆ. ಒಂದು ಕಂತೂ ತಪ್ಪದಂತೆ ಮೂರು ವರ್ಷ ಕಟ್ಟಿ, ಬ್ಯಾಂಕಿನಲ್ಲಿ ಸಾಲದ ಸ್ಟೇಟ್‌ಮೆಂಟ್ ತೆಗೆಸಿ ನೋಡಿದರೆ ಕಟ್ಟಿದ್ದು 7 ಲಕ್ಷ 81 ಸಾವಿರ ಎಂದು ಕಾಣುತ್ತದೆ. ಅಸಲಿನಲ್ಲಿ ಇಳಿದದ್ದು ಮಾತ್ರ 1 ಲಕ್ಷ 63 ಸಾವಿರ. ಆರು ಲಕ್ಷಕ್ಕೂ ಹೆಚ್ಚು ಹಣ ಬಡ್ಡಿಗೇ ಹೋಗಿದೆ.

ಬ್ಯಾಂಕಿನವರು ಮೋಸ ಮಾಡಿದರು ಎಂದು ಹಲವರಿಗೆ ಅನ್ನಿಸುವುದು ಈ ಹಾಳೆ ನೋಡಿದಾಗಲೇ. ಇದು ಮೋಸವಲ್ಲ, ಕಂತಿನ ಲೆಕ್ಕವೇ ಹೀಗೆ. ಬಾಕಿ ಇರುವ ಅಸಲಿನ ಮೇಲೆ ಆ ತಿಂಗಳ ಬಡ್ಡಿ ಮೊದಲು ಮುರಿಯುತ್ತಾರೆ, ಮಿಕ್ಕದ್ದು ಅಸಲಿಗೆ ಹೋಗುತ್ತದೆ. ಮೊದಲ ತಿಂಗಳಲ್ಲಿ ಬಡ್ಡಿ 17,708, ಅಸಲಿಗೆ ಸೇರುವುದು ನಾಲ್ಕು ಸಾವಿರಕ್ಕೂ ಕಡಿಮೆ. ಇಪ್ಪತ್ತು ವರ್ಷ ಹೀಗೇ ಕಟ್ಟುತ್ತಾ ಹೋದರೆ 25 ಲಕ್ಷದ ಸಾಲಕ್ಕೆ ಬಡ್ಡಿಯೇ 27 ಲಕ್ಷ ದಾಟುತ್ತದೆ.

ಸೇಲಂನಿಂದ ಕೊಯಮತ್ತೂರಿನ ಹೆದ್ದಾರಿ ಹಿಡಿದರೆ ಸಿಗುವ ಶಂಕಗಿರಿ ಲಾರಿಗಳ ಊರು. ಬೆಟ್ಟದ ಮೇಲೆ ಕೋಟೆ, ಕೆಳಗೆ ಲಾರಿ ಆಫೀಸುಗಳು, ಟೈರ್ ಅಂಗಡಿಗಳು, ಬಾಡಿ ಕಟ್ಟುವ ಶೆಡ್ಡುಗಳು, ಒಂದು ಕಡೆ ಸಿಮೆಂಟ್ ಕಾರ್ಖಾನೆ. ಹತ್ತಿರದ ಎಡಪ್ಪಾಡಿಯಲ್ಲಿ ವಿದ್ಯುತ್ ಮಗ್ಗಗಳು, ತಿರುಚೆಂಗೋಡಿನಲ್ಲಿ ಬೋರ್‌ವೆಲ್ ಲಾರಿಗಳು. ಸೇಲಂ, ಧರ್ಮಪುರಿ, ಈರೋಡು ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕುಟುಂಬಗಳು ಬಹಳ. ಅವರಲ್ಲಿ ದೇವಾಂಗ ನೇಕಾರರಿದ್ದಾರೆ, ಲಾರಿ ಓಡಿಸುವವರಿದ್ದಾರೆ, ಶಾಲೆಗಳಲ್ಲಿ, ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿದ್ದಾರೆ. ಮೂವತ್ತರ ಆಸುಪಾಸಿನ ಗಂಡ ಹೆಂಡತಿ, ಒಂದೆರಡು ಚಿಕ್ಕ ಮಕ್ಕಳು, ತಲೆಯ ಮೇಲೆ ಮನೆ ಸಾಲ: ಈ ಲೇಖನ ಅಂಥವರಿಗೆ. ಮೇಲಿನ 25 ಲಕ್ಷದ ಲೆಕ್ಕವನ್ನೇ ಉದ್ದಕ್ಕೂ ಬಳಸುತ್ತೇನೆ. ನಿಮ್ಮ ಸಾಲ ಹತ್ತು ಲಕ್ಷವಿದ್ದರೂ ನಲವತ್ತಿದ್ದರೂ ಲೆಕ್ಕದ ಸ್ವಭಾವ ಬದಲಾಗುವುದಿಲ್ಲ.

ಮೂರನೇ ವರ್ಷದ ಲಕ್ಷ, ಹನ್ನೆರಡನೇ ವರ್ಷದ ಲಕ್ಷ

ಮೂರು ವರ್ಷ ಕಳೆದ ಮೇಲೆ ಕೈಗೆ ಒಂದು ಲಕ್ಷ ರೂಪಾಯಿ ಬಂತು, ಅದನ್ನು ಸಾಲಕ್ಕೆ ಕಟ್ಟಿದಿರಿ, ಕಂತನ್ನು ಇದ್ದಷ್ಟೇ ಮುಂದುವರಿಸಿದಿರಿ ಎಂದುಕೊಳ್ಳಿ. ಸಾಲದ ಬಾಲದಲ್ಲಿದ್ದ ಸುಮಾರು 18 ಕಂತುಗಳು ಬಿದ್ದುಹೋಗುತ್ತವೆ. ಅಂದರೆ ಹತ್ತಿರ ಹತ್ತಿರ ನಾಲ್ಕು ಲಕ್ಷ. ಕಟ್ಟಿದ ಒಂದು ಲಕ್ಷ ಕಳೆದರೂ ಮೂರು ಲಕ್ಷದಷ್ಟು ಬಡ್ಡಿ ಉಳಿಯಿತು. ಅದೇ ಲಕ್ಷವನ್ನು ಹನ್ನೆರಡು ವರ್ಷ ಕಳೆದ ಮೇಲೆ ಕಟ್ಟಿದರೆ ಉಳಿಯುವುದು ಒಂಬತ್ತು ಕಂತು, ಬಡ್ಡಿಯಲ್ಲಿ 90 ಸಾವಿರ ಚಿಲ್ಲರೆ.

ಇದನ್ನು ಮಕ್ಕಳ ವಯಸ್ಸಿನ ಪಕ್ಕದಲ್ಲಿಟ್ಟು ನೋಡಿ. ಮಗುವಿಗೆ ಎರಡು ತುಂಬಿದಾಗ ಸಾಲ ತೆಗೆದಿದ್ದರೆ ಮೂರನೇ ವರ್ಷದಲ್ಲಿ ಅದು ಯುಕೆಜಿಗೋ ಒಂದನೇ ತರಗತಿಗೋ ಹೋಗುತ್ತಿರುತ್ತದೆ. ಹನ್ನೆರಡನೇ ವರ್ಷಕ್ಕೆ ಒಂಬತ್ತನೇ ತರಗತಿ. ಆಮೇಲೆ ಬರುವ ಹನ್ನೊಂದು, ಹನ್ನೆರಡನೇ ತರಗತಿಯ ಖರ್ಚು ಸೇಲಂ, ನಾಮಕ್ಕಲ್ ಕಡೆಯವರಿಗೆ ಹೇಳಬೇಕಾಗಿಲ್ಲ. ಹಾಸ್ಟೆಲ್ ಸಮೇತ ನೀಟ್ ಕೋಚಿಂಗ್ ಕೊಡುವ ಶಾಲೆಗಳ ಸೀಮೆ ಇದು. ಅದರ ಬೆನ್ನಿಗೇ ಕಾಲೇಜು.

ಸಾಮಾನ್ಯವಾಗಿ ನಮ್ಮವರು ಮಾಡುವುದು ಇದಕ್ಕೆ ತಿರುಗುಮುರುಗು. ಮಕ್ಕಳು ಚಿಕ್ಕವರಿರುವಾಗ ಕಂತೊಂದು ಹೋದರೆ ಸಾಕು ಎನ್ನುತ್ತಾರೆ. ಸಾಲ ಮುಗಿಯಲು ನಾಲ್ಕೈದು ವರ್ಷ ಇರುವಾಗ, ಇನ್ನೇನು ತೀರಿಸಿಬಿಡೋಣ ಎಂದು ಇದ್ದಬದ್ದ ಉಳಿತಾಯವನ್ನೆಲ್ಲ ಸುರಿದು ಮುಗಿಸುತ್ತಾರೆ. ಆ ಹೊತ್ತಿಗೆ ಕಂತಿನ ದೊಡ್ಡ ಪಾಲು ಅಸಲೇ ಆಗಿರುತ್ತದೆ. ಉಳಿಯುವ ಬಡ್ಡಿ ಅಷ್ಟಕ್ಕಷ್ಟೆ. ಅದೇ ಹೊತ್ತಿಗೆ ಮಗಳ ಕಾಲೇಜಿಗೆ ದುಡ್ಡು ಬೇಕಾಗಿ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕುತ್ತಾರೆ.

ನಾನು ಹೇಳುವುದು ಇಷ್ಟು: ಮೊದಲ ಏಳೆಂಟು ವರ್ಷ ಕೈಲಾದಷ್ಟು ಹೆಚ್ಚು ಕಟ್ಟಿ, ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ನಿಲ್ಲಿಸಿದರೂ ಚಿಂತೆಯಿಲ್ಲ. ವರ್ಷಕ್ಕೊಂದು ಕಂತು ಹೆಚ್ಚಾಗಿ ಮೊದಲ ಎಂಟು ವರ್ಷ ಮಾತ್ರ ಕಟ್ಟಿ ಬಿಟ್ಟರೂ ಕೊನೆಯ 27 ಕಂತು ಉಳಿಯುತ್ತವೆ. ಎಂಟು ಕೊಟ್ಟು ಇಪ್ಪತ್ತೇಳು ತಪ್ಪಿಸಿಕೊಂಡಂತೆ. ಕಾನೂನು ಬೋನಸ್‌ಗೆ ಹಾಕಿರುವ ಕನಿಷ್ಠ ಪ್ರಮಾಣ ಶೇ 8.33, ಹೆಚ್ಚುಕಡಿಮೆ ವರ್ಷಕ್ಕೊಂದು ತಿಂಗಳ ಸಂಬಳ. ಕಾರ್ಖಾನೆಯಲ್ಲಿ ಕೆಲಸ ಮಾಡುವವರಿಗೆ ದೀಪಾವಳಿಗೆ ಬರುವ ಈ ಹಣದಲ್ಲಿ ಮಕ್ಕಳ ಬಟ್ಟೆ, ಪಟಾಕಿ ಕಳೆದು ಮಿಕ್ಕದ್ದು ಸಾಲದ ಖಾತೆಗೆ ಹೋಗಲಿ.

ಅದಕ್ಕೂ ಮೊದಲು ಮಾಡಬೇಕಾದ್ದು

ಮನೆಗೆ ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ. ರಾತ್ರಿ ಮಗುವಿಗೆ ಜ್ವರ ಏರಿ ಸೇಲಂನ ಆಸ್ಪತ್ರೆಗೆ ಓಡಬೇಕಾದಾಗ, ಕಳೆದ ತಿಂಗಳು ಸಾಲಕ್ಕೆ ಕಟ್ಟಿದ ಲಕ್ಷವನ್ನು ಬ್ಯಾಂಕು ಕೌಂಟರಿನಲ್ಲಿ ಎಣಿಸಿ ಕೊಡುವುದಿಲ್ಲ. ಟಾಪ್-ಅಪ್ ಸಾಲ ಕೇಳಬೇಕು, ಅದಕ್ಕೆ ಮತ್ತೆ ಅರ್ಜಿ, ಸಂಬಳದ ಚೀಟಿ, ಕಾಯುವಿಕೆ. ಅಷ್ಟರಲ್ಲಿ ಹೆಂಡತಿಯ ಬಳೆ ಅಡವಿಗೆ ಹೋಗಿರುತ್ತದೆ.

ಆದ್ದರಿಂದ ಕನಿಷ್ಠ ಆರು ತಿಂಗಳ ಕಂತು ಮತ್ತು ಮನೆಖರ್ಚು ಸೇರಿ ಆಗುವಷ್ಟು ಹಣ ಬೇಕೆಂದಾಗ ತೆಗೆಯಬಹುದಾದ ಖಾತೆಯಲ್ಲಿರಬೇಕು. ಲಾರಿಯವರ ಮನೆಯಲ್ಲಿ ಇದು ಇನ್ನೂ ಹೆಚ್ಚಿರಲಿ. ಸಂಬಳದವರಿಗೆ ಆದಾಯ ಒಂದೇ ತೆರ, ಲಾರಿ ಮಾಲೀಕನಿಗೆ ಹಾಗಲ್ಲ. ಲೋಡು ಸಿಗದ ತಿಂಗಳಿರುತ್ತದೆ, ಬಾಡಿಗೆ ಬಾಕಿ ಉಳಿಯುತ್ತದೆ, ಎಫ್‌ಸಿ, ಇನ್ಶೂರೆನ್ಸ್, ಪರ್ಮಿಟ್, ಟೈರು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಅಂಥ ಮನೆಯಲ್ಲಿ ಒಳ್ಳೆಯ ತಿಂಗಳ ಆದಾಯವನ್ನೆಲ್ಲ ಸಾಲಕ್ಕೆ ಕಟ್ಟಿಬಿಟ್ಟು ಮುಂದಿನ ತಿಂಗಳು ಡೀಸೆಲ್‌ಗೆ ಬಡ್ಡಿ ಸಾಲ ತರುವುದಕ್ಕಿಂತ ದೊಡ್ಡ ನಷ್ಟ ಬೇರೆಯಿಲ್ಲ.

ಎರಡನೆಯದು ಟರ್ಮ್ ಇನ್ಶೂರೆನ್ಸ್. ಮನೆ ನಡೆಸುವವರಿಗೆ ಏನಾದರೂ ಆದರೆ ಸಾಲ ತೀರಿ, ಮಕ್ಕಳ ಓದಿಗೂ ಉಳಿಯುವಷ್ಟು ಮೊತ್ತದ್ದಿರಬೇಕು. ಹೆದ್ದಾರಿಯಲ್ಲಿ ದುಡಿಯುವವರ ಮನೆಯಲ್ಲಿ ಇದನ್ನು ಮುಂದಕ್ಕೆ ಹಾಕುವುದು ತಪ್ಪು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ ಮತ್ತು ಆರೋಗ್ಯ ವಿಮೆಯ ಕಂತಿನ ಮೇಲೆ ಜಿಎಸ್‌ಟಿ ಇಲ್ಲ, ಮೊದಲು ಶೇ 18 ಇತ್ತು. ಸಾಲ ಕೊಡುವಾಗ ಬ್ಯಾಂಕಿನವರು ಜೊತೆಗೆ ಮಾರುವ ಸಾಲ ರಕ್ಷಣೆ ಪಾಲಿಸಿಯ ಮೊತ್ತ ಬಾಕಿಯ ಜೊತೆಜೊತೆಗೇ ಇಳಿಯುವಂಥದ್ದೇ ಹೆಚ್ಚು. ಅದರ ಪ್ರೀಮಿಯಂ ಅನ್ನು ಸಾಲಕ್ಕೇ ಸೇರಿಸಿದ್ದರೆ ಅದಕ್ಕೂ ಇಪ್ಪತ್ತು ವರ್ಷ ಬಡ್ಡಿ ಕಟ್ಟುತ್ತಿದ್ದೀರಿ. ಪಾಲಿಸಿ ತೆಗೆದು ಒಮ್ಮೆ ಓದಿ.

ಮೂರನೆಯದು ಬೇರೆ ಸಾಲಗಳು. ಕಂದುವಟ್ಟಿ ಎಂಬ ವಿಪರೀತ ಬಡ್ಡಿಯ ಸಾಲ, ಮೀಟರ್ ಬಡ್ಡಿ, ವಾರದ ಗುಂಪು ಸಾಲ, ಕ್ರೆಡಿಟ್ ಕಾರ್ಡ್ ಬಾಕಿ ಇವುಗಳಲ್ಲಿ ಯಾವುದೊಂದಿದ್ದರೂ ಮನೆ ಸಾಲದ ಮಾತು ಆಮೇಲೆ. ತಿಂಗಳಿಗೆ ನೂರಕ್ಕೆ ಮೂರು ಎಂದರೆ ವರ್ಷಕ್ಕೆ ಮೂವತ್ತಾರು. ಅದನ್ನಿಟ್ಟುಕೊಂಡು ಎಂಟೂವರೆಯ ಸಾಲ ಬೇಗ ತೀರಿಸುವುದರಲ್ಲಿ ಅರ್ಥವಿಲ್ಲ. ಕಂದುವಟ್ಟಿಯನ್ನು ತಮಿಳುನಾಡು 2003ರಲ್ಲೇ ಕಾಯ್ದೆ ತಂದು ನಿಷೇಧಿಸಿದೆ. ಆದರೂ ಅದಕ್ಕೆ ಸಿಕ್ಕಿಕೊಂಡ ಮನೆಗಳಿವೆ. ಅದಾದ ಮೇಲೆ ಪರ್ಸನಲ್ ಲೋನ್, ಆಮೇಲೆ ಚಿನ್ನದ ಸಾಲ, ಕೊನೆಗೆ ಮನೆ ಸಾಲ. ಮನೆ ಸಾಲಕ್ಕೆ ಕಟ್ಟಲೆಂದು ಚಿನ್ನ ಅಡವಿಡುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಕಡಿಮೆ ಖರ್ಚಿಗೆ ಸಿಗುವ ಲಾಭ

ಬಡ್ಡಿ ದರ ಇಳಿಸಿಕೊಳ್ಳುವುದನ್ನು ಬಹಳ ಮನೆಗಳಲ್ಲಿ ಯಾರೂ ಯೋಚಿಸುವುದೇ ಇಲ್ಲ. ಈ ಲೇಖನದಲ್ಲಿ ಹೇಳಿದ್ದರಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ.

2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಹೊಸದಾಗಿ ಕೊಡುವ ಬದಲಾಗುವ ಬಡ್ಡಿಯ ಮನೆ ಸಾಲಗಳನ್ನು ಹೊರಗಿನ ಒಂದು ಮಾನದಂಡಕ್ಕೆ ಕಟ್ಟಬೇಕು. ಹೆಚ್ಚಿನ ಕಡೆ ಅದು ರಿಸರ್ವ್ ಬ್ಯಾಂಕಿನ ರೆಪೋ ದರ. ಮೂರು ತಿಂಗಳಿಗೊಮ್ಮೆಯಾದರೂ ದರ ಪರಿಷ್ಕರಿಸಬೇಕು. ಅದಕ್ಕೂ ಹಿಂದಿನ ಸಾಲಗಳು ಎಂಸಿಎಲ್‌ಆರ್ ಅಥವಾ ಬೇಸ್ ರೇಟ್ ಎಂಬ ಹಳೆಯ ಪದ್ಧತಿಯಲ್ಲೇ ಉಳಿದಿರಬಹುದು. ಹೌಸಿಂಗ್ ಫೈನಾನ್ಸ್ ಕಂಪನಿಗಳ ಸಾಲಕ್ಕೆ ಅವರದ್ದೇ ಲೆಕ್ಕ. ರೆಪೋ ದರ 2022ರ ಮೇ ತಿಂಗಳಿಗೆ ಮುಂಚೆ ಶೇ 4 ಇತ್ತು, 2023ರ ಫೆಬ್ರವರಿ ಹೊತ್ತಿಗೆ ಶೇ 6.5ಕ್ಕೆ ಏರಿತು, 2025ರಲ್ಲಿ ನಾಲ್ಕು ಸಲ ಇಳಿದು ಡಿಸೆಂಬರಿನಲ್ಲಿ ಶೇ 5.25ಕ್ಕೆ ಬಂತು. ರೆಪೋಗೆ ಕಟ್ಟಿದ ಸಾಲದವರಿಗೆ ಈ ಇಳಿಕೆ ತಾನಾಗಿ ಸಿಕ್ಕಿದೆ. ಮಿಕ್ಕವರು ಕೇಳಿ ಪಡೆಯಬೇಕು.

ನಮ್ಮ ಉದಾಹರಣೆಯಲ್ಲಿ ಮೂರು ವರ್ಷ ಕಳೆದಾಗ ಬಾಕಿ 23 ಲಕ್ಷ 37 ಸಾವಿರ. ದರ ಶೇ 8.5ರಿಂದ 7.75ಕ್ಕೆ ಇಳಿದು, ಕಂತು 21,696ರಲ್ಲೇ ಉಳಿದರೆ 19 ಕಂತುಗಳು ಬೀಳುತ್ತವೆ. ಒಂದು ಲಕ್ಷ ಒಟ್ಟಿಗೆ ಕಟ್ಟಿದಾಗ ಬಿದ್ದದ್ದು 18. ಅಂದರೆ ಮುಕ್ಕಾಲು ಪರ್ಸೆಂಟ್ ಇಳಿಸಿಕೊಂಡದ್ದು ಒಂದು ಲಕ್ಷ ಕಟ್ಟಿದ್ದಕ್ಕೆ ಸಮ. ದರ ಇಳಿಯದೆ ಹೋದರೂ ಅದೇ ನಾಲ್ಕನೇ ವರ್ಷದಿಂದ ತಿಂಗಳಿಗೆ ಒಂದು ಸಾವಿರ ಹೆಚ್ಚು ಕಟ್ಟುತ್ತಾ ಹೋದರೆ, ಅಲ್ಲೂ ಸುಮಾರು 19 ತಿಂಗಳೇ ಉಳಿಯುತ್ತದೆ. ಮೂರೂ ದಾರಿ ಹೆಚ್ಚುಕಡಿಮೆ ಒಂದೇ ಕಡೆಗೆ ಮುಟ್ಟಿಸುತ್ತವೆ. ಮೊದಲನೆಯದಾದ ದರ ಇಳಿಕೆಗೆ ಬೇಕಾದದ್ದು ಒಂದು ಅರ್ಜಿ, ದರ ಬದಲಿಸುವ ಒಂದು ಸಲದ ಶುಲ್ಕ. ಮೂರನೆಯದಕ್ಕೆ ತಿಂಗಳಿಗೆ ಸಾವಿರ. ಲಕ್ಷ ಒಟ್ಟುಗೂಡುವವರೆಗೆ ಕಾಯಬೇಕೆಂಬುದೇನಿಲ್ಲ.

ಆದ್ದರಿಂದ ಬ್ಯಾಂಕಿಗೆ ಹೋಗಿ ಮೂರು ಪ್ರಶ್ನೆ ಕೇಳಿ: ನನ್ನ ಸಾಲ ಯಾವ ದರಕ್ಕೆ ಕಟ್ಟಿದ್ದು, ಇವತ್ತು ಹೊಸಬರಿಗೆ ಎಷ್ಟಕ್ಕೆ ಕೊಡುತ್ತಿದ್ದೀರಿ, ನಾನು ಆ ದರಕ್ಕೆ ಬರಲು ಶುಲ್ಕವೆಷ್ಟು. ಸಿಬಿಲ್ ಸ್ಕೋರ್ ಚೆನ್ನಾಗಿದ್ದು ಕಂತು ತಪ್ಪದಿದ್ದವರ ಮಾತಿಗೆ ಬೆಲೆ ಇರುತ್ತದೆ. ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸುವ ದಾರಿಯೂ ಇದೆ. ಆದರೆ ತಮಿಳುನಾಡಿನಲ್ಲಿ ಹಕ್ಕುಪತ್ರ ಒತ್ತೆಯಿಟ್ಟ ಬಗ್ಗೆ ಬರೆಯುವ ಎಂಒಡಿಟಿ ದಸ್ತಾವೇಜನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸುತ್ತಾರೆ. ಬ್ಯಾಂಕು ಬದಲಾದರೆ ಹಳೆಯದು ರದ್ದಾಗಬೇಕು, ಹೊಸದು ಬರೆಯಬೇಕು, ಸ್ಟಾಂಪು ಮತ್ತು ನೋಂದಣಿ ಖರ್ಚು ಇನ್ನೊಮ್ಮೆ. ಅದರ ಮೇಲೆ ಹೊಸ ಬ್ಯಾಂಕಿನ ಪ್ರೊಸೆಸಿಂಗ್ ಫೀ, ವಕೀಲರ ಅಭಿಪ್ರಾಯದ ಫೀ. ಇಷ್ಟನ್ನೂ ಕೂಡಿಸಿ ನೋಡಿ. ಅರ್ಧ ಪರ್ಸೆಂಟಿಗಿಂತ ಕಡಿಮೆ ವ್ಯತ್ಯಾಸಕ್ಕೆ ನಾನಾದರೆ ಬ್ಯಾಂಕು ಬದಲಿಸುವುದಿಲ್ಲ.

ದರ ಇಳಿದಾಗ ಇನ್ನೊಂದು ಕಡೆ ಕಣ್ಣಿಡಬೇಕು. ಕೆಲವು ಬ್ಯಾಂಕುಗಳು ಕಂತನ್ನು ಇಳಿಸುತ್ತವೆ, ಅವಧಿ ಹಾಗೇ ಉಳಿಯುತ್ತದೆ. ತಿಂಗಳಿಗೆ ಸಾವಿರ ಉಳಿಯಿತು ಎಂದು ಸಂತೋಷವಾಗುತ್ತದೆ, ಆದರೆ ಸಾಲ ಬೇಗ ತೀರುವುದಿಲ್ಲ. ಕಂತು ಹಳೆಯದೇ ಇರಲಿ, ಅವಧಿ ಇಳಿಸಿ ಎಂದು ಬರೆದು ಕೊಡಿ. ದರ ಏರಿದ ಕಾಲದಲ್ಲಿ ಆದದ್ದು ಇದಕ್ಕೆ ಉಲ್ಟಾ. 2022-23ರಲ್ಲಿ ಕಂತು ಅಷ್ಟೇ ಇದ್ದು, ಯಾರಿಗೂ ಗೊತ್ತಾಗದಂತೆ ಅವಧಿ ವರ್ಷಗಟ್ಟಲೆ ಬೆಳೆಯಿತು. ಇದರ ಮೇಲೆ ಬಂದ ದೂರುಗಳಿಂದ ರಿಸರ್ವ್ ಬ್ಯಾಂಕು 2023ರ ಆಗಸ್ಟ್ 18ರಂದು ನಿಯಮ ತಂದಿತು. ದರ ಬದಲಾದಾಗ ಕಂತು ಏರಿಸಬೇಕೋ, ಅವಧಿ ಹಿಗ್ಗಿಸಬೇಕೋ, ಎರಡನ್ನೂ ಮಾಡಬೇಕೋ ಎಂಬುದನ್ನು ಸಾಲಗಾರನೇ ಆರಿಸಬಹುದು. ಯಾವಾಗ ಬೇಕಾದರೂ ಭಾಗಶಃ ಅಥವಾ ಪೂರ್ತಿ ಕಟ್ಟಲು ಅವಕಾಶವಿರಬೇಕು. ಮೂರು ತಿಂಗಳಿಗೊಮ್ಮೆ ಕೊಡುವ ಸ್ಟೇಟ್‌ಮೆಂಟಿನಲ್ಲಿ ಇಲ್ಲಿಯವರೆಗೆ ವಸೂಲಾದ ಅಸಲು, ಬಡ್ಡಿ, ಕಂತಿನ ಮೊತ್ತ, ಇನ್ನೆಷ್ಟು ಕಂತು ಬಾಕಿ, ವಾರ್ಷಿಕ ದರ ಎಷ್ಟು ಎಂಬುದೆಲ್ಲ ಇರಬೇಕು. ಈ ಹಾಳೆಯಲ್ಲಿ ‘ಬಾಕಿ ಕಂತು’ ಎಂಬ ಅಂಕಿಯನ್ನು ಹಿಂದಿನ ಸಲದ್ದರ ಜೊತೆ ಹೋಲಿಸಿ ನೋಡಿ. ಮೂರು ತಿಂಗಳಲ್ಲಿ ಅದು ಮೂರು ಇಳಿದಿರಬೇಕು. ಇಳಿಯದಿದ್ದರೆ ಆವತ್ತೇ ಹೋಗಿ ಕೇಳಿ.

ಕಟ್ಟುವ ದಿನ

ಬದಲಾಗುವ ಬಡ್ಡಿಯ ಮನೆ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಬ್ಯಾಂಕುಗಳಿಗೆ ಈ ನಿಯಮ 2012ರಿಂದಲೇ ಇದೆ. 2025ರ ಜುಲೈ 2ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ನಿರ್ದೇಶನ ಇದನ್ನು ಇನ್ನೂ ವಿಸ್ತರಿಸಿದೆ, 2026ರ ಜನವರಿ 1 ಅಥವಾ ಆಮೇಲೆ ಮಂಜೂರಾದ, ನವೀಕರಿಸಿದ ಸಾಲಗಳಿಗೆ ಅದು ಅನ್ವಯ. ಹಣ ಎಲ್ಲಿಂದ ಬಂತೆಂದು ಕೇಳಿ ಶುಲ್ಕ ಹಾಕುವಂತಿಲ್ಲ, ಇಷ್ಟು ವರ್ಷ ಕಟ್ಟಲೇಬೇಕೆಂಬ ಲಾಕ್-ಇನ್ ಕೂಡ ಹಾಕುವಂತಿಲ್ಲ.

ಶಂಕಗಿರಿಯವರಿಗೆ ಇದರಲ್ಲಿ ಇನ್ನೊಂದು ಸಂಗತಿ ಮುಖ್ಯ. ಲಾರಿ ಕೊಳ್ಳಲೆಂದು, ಮಗ್ಗ ಹಾಕಲೆಂದು ಮನೆ ಒತ್ತೆಯಿಟ್ಟು ಸಾಲ ತೆಗೆದಿದ್ದರೆ ಅದು ವ್ಯವಹಾರದ ಸಾಲ, ಮನೆ ಸಾಲವಲ್ಲ. ಹಿಂದೆ ಅದಕ್ಕೆ ದಂಡ ಬೀಳುತ್ತಿತ್ತು. ಹೊಸ ನಿರ್ದೇಶನದಂತೆ ವ್ಯಕ್ತಿಗಳು ಮತ್ತು ಸಣ್ಣ ಉದ್ದಿಮೆಗಳು ವಾಣಿಜ್ಯ ಬ್ಯಾಂಕುಗಳಲ್ಲಿ ಬದಲಾಗುವ ಬಡ್ಡಿಗೆ ತೆಗೆದ ವ್ಯವಹಾರದ ಸಾಲಕ್ಕೂ ದಂಡವಿಲ್ಲ. ಸ್ಮಾಲ್ ಫೈನಾನ್ಸ್ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳಲ್ಲಿ 50 ಲಕ್ಷದವರೆಗಿನ ಸಾಲಕ್ಕೆ ಈ ರಿಯಾಯಿತಿ. ಸೇಲಂನಲ್ಲೇ ಪ್ರಧಾನ ಕಚೇರಿ ಇರುವ ತಮಿಳುನಾಡು ಗ್ರಾಮ ಬ್ಯಾಂಕು ಈ ಎರಡನೇ ಗುಂಪಿಗೆ ಸೇರುತ್ತದೆ. ನಿಶ್ಚಿತ ಬಡ್ಡಿಯ ಸಾಲವಾದರೆ ಮಾತ್ರ ಒಪ್ಪಂದದಲ್ಲಿ ಏನಿದೆ ಎಂದು ನೋಡಬೇಕು.

ಹಣ ಕಟ್ಟುವಾಗ ಮರೆಯಬಾರದ ಮಾತೊಂದು: ಸಾಲದ ಖಾತೆಗೆ ಸುಮ್ಮನೆ ದುಡ್ಡು ಹಾಕಿದರೆ ಸಾಲದು. ಕೆಲವು ಕಡೆ ಅದನ್ನು ಮುಂದಿನ ಕಂತುಗಳಿಗೆ ಮುಂಗಡ ಎಂದು ಹಿಡಿದುಬಿಡುತ್ತಾರೆ. ಇದು ಪಾರ್ಟ್ ಪೇಮೆಂಟ್, ಅಸಲಿಗೆ ಸೇರಿಸಿ, ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ ಎಂದು ಒಂದು ಹಾಳೆಯಲ್ಲಿ ಬರೆದು, ನಕಲಿನ ಮೇಲೆ ಬ್ಯಾಂಕಿನ ಸೀಲು ಹಾಕಿಸಿಕೊಳ್ಳಿ. ಆ್ಯಪ್‌ನಲ್ಲೇ ಕಟ್ಟುವುದಾದರೆ ಈ ಆಯ್ಕೆ ಕೇಳುತ್ತದೆಯೇ ನೋಡಿ. ವಾರ ಬಿಟ್ಟು ಹೊಸ ಕಂತುಪಟ್ಟಿ ತೆಗೆಸಿ, ಕೊನೆಯ ಕಂತಿನ ದಿನಾಂಕ ಹಿಂದಕ್ಕೆ ಬಂದಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಕಾಗದದ ಭಾಷೆ ಇಂಗ್ಲಿಷ್ ಎಂದು ಹಿಂಜರಿಯುವ ತಾಯಂದಿರು ಬಹಳ. 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆ ಬ್ಯಾಂಕು ಕೊಡಲೇಬೇಕಾದ ಮುಖ್ಯಾಂಶ ಪತ್ರ ಒಂದಿದೆ, ಕೆಎಫ್‌ಎಸ್ ಎನ್ನುತ್ತಾರೆ. ಎಲ್ಲ ಶುಲ್ಕ ಸೇರಿದ ನಿಜವಾದ ವಾರ್ಷಿಕ ದರ ಅದರಲ್ಲಿರುತ್ತದೆ. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಅದು ಇರಬೇಕು, ಅದನ್ನು ವಿವರಿಸಿ ಹೇಳಬೇಕು ಎಂಬುದೂ ನಿಯಮದಲ್ಲೇ ಇದೆ. ತಮಿಳು ಓದಲು ಬಂದರೆ ತಮಿಳಿನಲ್ಲಿ, ಕನ್ನಡವೇ ಬೇಕಿದ್ದರೆ ಕನ್ನಡದಲ್ಲಿ ಕೇಳಿ. ಕೇಳಲು ಸಂಕೋಚ ಬೇಡ.

ಪ್ರತಿ ವರ್ಷ ಸಂಬಳವೋ ಬಾಡಿಗೆಯೋ ಏರಿದಾಗ ಕಂತನ್ನೂ ಶೇ 5 ಏರಿಸುವ ಪದ್ಧತಿ ಇನ್ನೂ ಚುರುಕು. ನಮ್ಮ 25 ಲಕ್ಷದ ಸಾಲ ಆಗ ಇಪ್ಪತ್ತರ ಬದಲು ಹನ್ನೆರಡೂವರೆ ವರ್ಷದೊಳಗೆ ತೀರುತ್ತದೆ. ಆದರೆ ಕೊನೆಗೆ ಕಂತು 39 ಸಾವಿರದ ಹತ್ತಿರ ಹೋಗಿರುತ್ತದೆ, ಅದೂ ಮಕ್ಕಳು ಹೈಸ್ಕೂಲಿನಲ್ಲಿರುವಾಗ. ಆದ್ದರಿಂದ ಬ್ಯಾಂಕಿನ ದಾಖಲೆಯಲ್ಲಿ ಕಂತು ಏರಿಸಬೇಡಿ. ಹೆಚ್ಚುವರಿ ಹಣವನ್ನು ಬೇರೆಯಾಗಿ ಕಟ್ಟಿ. ಕಷ್ಟ ಬಂದ ವರ್ಷ ಅದೊಂದನ್ನು ನಿಲ್ಲಿಸಿದರೆ ಆಯಿತು, ಕಂತು ತಪ್ಪಿದ ಹೆಸರು ಬರುವುದಿಲ್ಲ.

ಆದಾಯ ಏರಿಳಿತವಿರುವ ಮನೆಗಳಿಗೆ ಓವರ್‌ಡ್ರಾಫ್ಟ್ ರೀತಿಯ ಮನೆ ಸಾಲ ಹೊಂದುತ್ತದೆ. ಸ್ಟೇಟ್ ಬ್ಯಾಂಕಿನ ಮ್ಯಾಕ್ಸ್‌ಗೇನ್ ಇಂಥದ್ದು, ಬೇರೆ ಬ್ಯಾಂಕುಗಳಲ್ಲೂ ಇದೆ. ಕೈಗೆ ಬಂದ ಹಣವನ್ನು ಅದರಲ್ಲಿಟ್ಟರೆ ಅಷ್ಟು ದಿನ ಅಷ್ಟು ಮೊತ್ತಕ್ಕೆ ಬಡ್ಡಿ ಇಲ್ಲ, ಟೈರು ಕೊಳ್ಳಬೇಕೆಂದಾಗ ತೆಗೆಯಬಹುದು. ದರ ಸ್ವಲ್ಪ ಹೆಚ್ಚು. ತೆಗೆಯಬಹುದು ಎಂಬ ಕಾರಣಕ್ಕೇ ತೆಗೆದು ಖರ್ಚು ಮಾಡುವ ಮನೆಗೆ ಇದು ಬೇಡ.

ಸಾಲಕ್ಕೆ ಕಟ್ಟಬಾರದ ಹಣ

ಹತ್ತು ವರ್ಷದೊಳಗಿನ ಹೆಣ್ಣುಮಗುವಿದ್ದರೆ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು. 2024ರ ಜನವರಿಯಲ್ಲಿ ಇದರ ಬಡ್ಡಿ ಶೇ 8.2ಕ್ಕೆ ಏರಿತು, ಅದಕ್ಕೆ ತೆರಿಗೆಯಿಲ್ಲ. ಮೂರು ತಿಂಗಳಿಗೊಮ್ಮೆ ಸರ್ಕಾರ ದರ ಪ್ರಕಟಿಸುತ್ತದೆ. ನಿಮ್ಮ ಮನೆ ಸಾಲ ಅದಕ್ಕಿಂತ ಕಡಿಮೆ ದರದ್ದಾದರೆ ಆ ಹಣವನ್ನು ಕಿತ್ತು ಸಾಲಕ್ಕೆ ಕಟ್ಟುವುದು ಲೆಕ್ಕದಲ್ಲೇ ನಷ್ಟ. ಮಗಳಿಗೆ ಹದಿನೆಂಟಾದಾಗ ಅಥವಾ ಹತ್ತನೇ ತರಗತಿ ಮುಗಿದಾಗ ಓದಿಗೆಂದು ಅರ್ಧದವರೆಗೆ ತೆಗೆಯಬಹುದು. ಕಾರ್ಖಾನೆಯವರ ಪಿಎಫ್ ಕೂಡ ಹಾಗೇ. 2024-25ಕ್ಕೆ ಅದು ಶೇ 8.25 ಕೊಟ್ಟಿದೆ, ಮನೆಗೆಂದು ಪಿಎಫ್ ತೆಗೆಯಬೇಡಿ. ಬ್ಯಾಂಕಿನ ಎಫ್‌ಡಿ ಮಾತ್ರ ಬೇರೆ ಮಾತು. ಆರೂವರೆ, ಏಳು ಪರ್ಸೆಂಟಿಗೆ ಎಫ್‌ಡಿ ಇಟ್ಟು ಎಂಟೂವರೆಗೆ ಸಾಲ ಕಟ್ಟುವುದು ಪ್ರತಿ ತಿಂಗಳ ನಷ್ಟ. ಆರು ತಿಂಗಳ ತುರ್ತುನಿಧಿ ಬಿಟ್ಟು ಮಿಕ್ಕ ಎಫ್‌ಡಿಯನ್ನು ಸಾಲಕ್ಕೆ ಕಟ್ಟಬಹುದು.

ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರ ಬಡ್ಡಿ ಸಹಾಯಧನ ಪಡೆದವರು ಒಂದು ಕ್ಷಣ ನಿಲ್ಲಿ. 9 ಲಕ್ಷದೊಳಗಿನ ವಾರ್ಷಿಕ ಆದಾಯದವರಿಗೆ ಸಾಲದ ಮೊದಲ 8 ಲಕ್ಷದ ಮೇಲೆ ಶೇ 4ರ ಸಹಾಯಧನ, ಒಟ್ಟು 1.80 ಲಕ್ಷದವರೆಗೆ, ಐದು ವಾರ್ಷಿಕ ಕಂತುಗಳಲ್ಲಿ ಬರುತ್ತದೆ. ಪ್ರತಿ ಕಂತು ಬರುವಾಗಲೂ ಸಾಲ ಚಾಲ್ತಿಯಲ್ಲಿರಬೇಕು, ಅಸಲಿನ ಅರ್ಧಕ್ಕಿಂತ ಹೆಚ್ಚು ಬಾಕಿ ಇರಬೇಕು. ಬೇಗ ತೀರಿಸುವ ಹುಮ್ಮಸ್ಸಿನಲ್ಲಿ ಅರ್ಧಕ್ಕಿಂತ ಕೆಳಗಿಳಿಸಿದರೆ ಮಿಕ್ಕ ಸಹಾಯಧನ ಕೈತಪ್ಪುತ್ತದೆ.

ಬಡ್ಡಿ ಕಟ್ಟಿದರೆ ತೆರಿಗೆ ಉಳಿಯುತ್ತದೆ, ಸಾಲ ಇರಲಿ ಬಿಡಿ ಎನ್ನುವ ಹಿರಿಯರ ಮಾತು ಈಗ ಎಲ್ಲರಿಗೂ ಹೊಂದುವುದಿಲ್ಲ. ವಾಸದ ಮನೆಯ ಬಡ್ಡಿಗೆ 2 ಲಕ್ಷದವರೆಗೆ, ಅಸಲಿಗೆ 1.5 ಲಕ್ಷದ ಮಿತಿಯೊಳಗೆ ಸಿಗುವ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ, ವಾಸದ ಮನೆಯ ಬಡ್ಡಿಗೆ ವಿನಾಯಿತಿಯೂ ಇಲ್ಲ. ತಿಂಗಳಿಗೆ ಅರವತ್ತು ಎಪ್ಪತ್ತು ಸಾವಿರ ದುಡಿಯುವ ಮನೆಯವರು ತೆರಿಗೆಗಾಗಿ ಸಾಲ ಉಳಿಸಿಕೊಳ್ಳುವುದರಲ್ಲಿ ಹುರುಳಿಲ್ಲ.

ತೀರಿದ ಮೇಲಿನ ಕೆಲಸ

1792ರಲ್ಲಿ ಸೇಲಂ ಸೀಮೆ ಟಿಪ್ಪುವಿನ ಕೈಯಿಂದ ಈಸ್ಟ್ ಇಂಡಿಯಾ ಕಂಪನಿಯವರ ಕೈಗೆ ಹೋದ ಮೇಲೆ ಅಲೆಕ್ಸಾಂಡರ್ ರೀಡ್, ಅವನ ಕೈಕೆಳಗಿದ್ದ ಥಾಮಸ್ ಮನ್ರೋ ಇಲ್ಲಿನ ನೆಲವನ್ನು ಅಳೆದು ರೈತವಾರಿ ಪದ್ಧತಿಗೆ ಅಡಿಪಾಯ ಹಾಕಿದರು. ರೈತನ ಹೆಸರಿಗೇ ಪಟ್ಟಾ ಕೊಡುವ ಆ ಪದ್ಧತಿಯ ಮುಂದುವರಿಕೆಯೇ ಇವತ್ತು ಬ್ಯಾಂಕಿನವರು ಮೊದಲು ಕೇಳುವ ಪಟ್ಟಾ. ಕಾಗದ ಸರಿಯಿಲ್ಲದ ಆಸ್ತಿಗೆ ಈ ಕಡೆ ಬೆಲೆಯಿಲ್ಲ. ಸಾಲ ತೀರಿದ ಮೇಲೂ ಕಾಗದದ ಕೆಲಸ ಬಾಕಿ ಇರುತ್ತದೆ, ಬಹಳ ಜನ ಇಲ್ಲೇ ಎಡವುತ್ತಾರೆ.

ಪೂರ್ತಿ ಸಾಲ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲ ದಸ್ತಾವೇಜುಗಳನ್ನೆಲ್ಲ ಮರಳಿಸಬೇಕು, ಯಾವುದೇ ನೋಂದಣಿಯಲ್ಲಿ ದಾಖಲಾದ ಋಣಭಾರವನ್ನು ತೆಗೆಸಬೇಕು. ತಪ್ಪು ಬ್ಯಾಂಕಿನದ್ದಾಗಿ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಸಾಲ ಮಂಜೂರಾದಾಗ ಕೊಟ್ಟ ದಾಖಲೆಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ವಾಪಸ್ ಪಡೆಯಿರಿ. ಕ್ರಯಪತ್ರ, ಹಿಂದಿನ ಮಾಲೀಕರ ಮೂಲಪತ್ರಗಳು, ಮನೆ ಕಟ್ಟುವ ಪರವಾನಗಿಯ ನಕ್ಷೆ, ಒಂದೊಂದಕ್ಕೂ ಗುರುತು ಹಾಕುತ್ತಾ ಹೋಗಿ. ಖಾತೆ ಮುಗಿದ ಪತ್ರ, ಬಾಕಿಯಿಲ್ಲ ಎಂಬ ಪ್ರಮಾಣಪತ್ರ ಬೇರೆಯಾಗಿ ಕೇಳಿ.

ಬ್ಯಾಂಕಿನ ಅಧಿಕಾರಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಎಂಒಡಿಟಿ ರದ್ದಾದ ರಸೀದಿ ದಸ್ತಾವೇಜನ್ನು ನೋಂದಾಯಿಸಿ ಕೊಡಬೇಕು. ಮೂಲಪತ್ರ ಕೈಗೆ ಬಂತಲ್ಲ ಎಂದು ಇದನ್ನು ಬಿಟ್ಟರೆ, ಆಸ್ತಿಯ ಋಣಭಾರ ಪ್ರಮಾಣಪತ್ರವಾದ ಇ.ಸಿ.ಯಲ್ಲಿ ಆ ಸಾಲ ಚಾಲ್ತಿಯಲ್ಲಿರುವಂತೆಯೇ ಕಾಣುತ್ತದೆ. ಹದಿನೈದು ವರ್ಷದ ಮೇಲೆ ಮಗನ ಓದಿಗೆ ಅದೇ ಮನೆ ಒತ್ತೆಯಿಡಲು ಹೋದಾಗ ವಕೀಲರು ಮೊದಲು ಬೆರಳಿಡುವುದು ಅಲ್ಲಿಗೇ. ಆ ಹೊತ್ತಿಗೆ ಶಾಖೆ ಬೇರೆ ಕಡೆ ಹೋಗಿರಬಹುದು, ಬ್ಯಾಂಕೇ ಇನ್ನೊಂದರಲ್ಲಿ ವಿಲೀನವಾಗಿರಬಹುದು. ರಸೀದಿ ನೋಂದಣಿಯಾದ ಕೆಲವು ದಿನಗಳ ಮೇಲೆ ತಮಿಳುನಾಡು ನೋಂದಣಿ ಇಲಾಖೆಯ ವೆಬ್‌ಸೈಟಿನಲ್ಲಿ ಹೊಸ ಇ.ಸಿ. ತೆಗೆದು ಆ ನಮೂದು ಬಂದಿದೆಯೇ ನೋಡಿ. ಸಿಬಿಲ್ ವರದಿಯಲ್ಲೂ ಸಾಲ ‘ಮುಕ್ತಾಯ’ ಎಂದು ಬಂದಿರಬೇಕು.

ಬ್ಯಾಂಕು ಓಡಾಡಿಸಿದರೆ ಲಿಖಿತ ದೂರು ಕೊಟ್ಟು 30 ದಿನ ಕಾಯಿರಿ. ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448 ಎಂಬ ದೂರವಾಣಿ ಸಂಖ್ಯೆ ಇದೆ. ಕಟ್ಟಿದ ಹಣದ ರಸೀದಿ, ಸೀಲು ಹಾಕಿಸಿದ ಅರ್ಜಿಯ ನಕಲು, ಮೂರು ತಿಂಗಳಿಗೊಮ್ಮೆ ಬಂದ ಸ್ಟೇಟ್‌ಮೆಂಟುಗಳು ಒಂದೇ ಫೈಲಿನಲ್ಲಿದ್ದರೆ ದೂರು ಬರೆಯುವುದು ಅರ್ಧ ಗಂಟೆಯ ಕೆಲಸ.